ವೂಸ್ಟರೋ ಕಾಫ್ಲಿಯೋ? ನೀಲಿ ಅಚ್ಚಿನ 'ಚೀನೀ' ಬಟ್ಟಲನ್ನು ಗುರುತಿಸುವ ಬಗ್ಗೆ

ಮಿಡ್‌ಲ್ಯಾಂಡ್ಸ್_ಕನ್ನಡತಿ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಹಳೆಯ ವಸ್ತುಗಳ ಸಂತೆಯೊಂದರಲ್ಲಿ ಹಿಡಿಯಿಲ್ಲದ ಒಂದು ಚಹಾ ಬಟ್ಟಲನ್ನೂ ಅದರ ತಟ್ಟೆಯನ್ನೂ ಕೊಂಡಿದ್ದೇನೆ. ಬಿಳಿಯ ಪಿಂಗಾಣಿಯ ಮೇಲೆ ಕಡುನೀಲಿಯಲ್ಲಿ ಚೀನೀ ದೃಶ್ಯವೊಂದಿದೆ: ದೋಣಿಯಲ್ಲಿ ನಿಂತ ಬೆಸ್ತನೊಬ್ಬ ಮೀನನ್ನು ಎತ್ತಿ ಹಿಡಿದಿದ್ದಾನೆ, ಅಂಚಿನಲ್ಲಿ ಜಾಲರಿಯಂಥ ಪಟ್ಟಿ ಸುತ್ತುವರಿದಿದೆ. ಮಾರಿದವರು ಎರಡಕ್ಕೂ ಸೇರಿಸಿ 'ಕಾಫ್ಲಿ, ಸುಮಾರು 1785' ಎಂದು ಚೀಟಿ ಅಂಟಿಸಿದ್ದರು. ಕಾಫ್ಲಿ, ವೂಸ್ಟರ್ ಎಂಬವು ಹಳೆಯ ಇಂಗ್ಲಿಷ್ ಪಿಂಗಾಣಿ ಕಾರ್ಖಾನೆಗಳೆಂದಷ್ಟೇ ಬಲ್ಲೆ.

ನನ್ನ ಗೊಂದಲವೆಂದರೆ, ತಟ್ಟೆಯ ಅಡಿಯಲ್ಲಿ ನೀಲಿ ಬಣ್ಣದ ಇಂಗ್ಲಿಷ್ 'ಎಸ್' ಅಕ್ಷರವಿದೆ. ಬಟ್ಟಲಿನ ಅಡಿಯಲ್ಲಾದರೋ ಚೀನೀ ಲಿಪಿಯಂತೆ ತೋರುವ, ಆದರೆ ದಿಟ್ಟಿಸಿ ನೋಡಿದರೆ 5 ಎಂಬ ಅಂಕಿಗೆ ಕೊಂಬು ಬಾಲಗಳನ್ನು ಹಚ್ಚಿದಂತಿರುವ ಗುರುತಿದೆ. ಒಂದೇ ಜೋಡಿಗೆ ಎರಡು ಬಗೆಯ ಗುರುತುಗಳು ಇರಲು ಸಾಧ್ಯವೇ? ಇದು ಕೈಯಿಂದ ಬರೆದ ಚಿತ್ರವೋ ಅಚ್ಚೋ ಎಂಬುದನ್ನೂ, ಇದರಲ್ಲಿ ಚಹಾ ಕುಡಿಯಬಹುದೋ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಸೆವರ್ನ್_ತೀರ

ಮೇಡಂ, ಬಹಳ ಸೊಗಸಾದ ಪ್ರಶ್ನೆ. ತಮ್ಮ ಕೈಯಲ್ಲಿರುವುದು ಸಂಗ್ರಾಹಕರ ವಲಯದಲ್ಲಿ 'ಫಿಶರ್‌ಮನ್' ಅಥವಾ 'ಪ್ಲೆಷರ್ ಬೋಟ್' ಎಂದು ಕರೆಯಲಾಗುವ ವಿನ್ಯಾಸ. ಇದನ್ನು ವೂಸ್ಟರ್ ಮತ್ತು ಕಾಫ್ಲಿ ಎರಡೂ ಕಾರ್ಖಾನೆಗಳು ಸುಮಾರು ಒಂದೇ ಕಾಲದಲ್ಲಿ, ಒಂದನ್ನೊಂದು ಹೋಲುವ ತಾಮ್ರದ ತಗಡುಗಳಿಂದ ಅಚ್ಚು ಹಾಕಿ ಮಾರಿದವು. ಆದ್ದರಿಂದ ಚಿತ್ರ ಒಂದೇ ಇದೆ ಎಂಬ ಕಾರಣಕ್ಕೆ ತಯಾರಕರೂ ಒಬ್ಬರೇ ಎಂದು ಹೇಳಲಾಗುವುದಿಲ್ಲ.

ಮೊದಲು ಗುರುತುಗಳ ವಿಷಯ. 'ಎಸ್' ಎಂಬುದು ಕಾಫ್ಲಿಯದು. ಆ ಕಾರ್ಖಾನೆ ತನ್ನ ಸರಕನ್ನು 'ಸಲೋಪಿಯನ್', ಅಂದರೆ ಶ್ರಾಪ್‌ಶೈರಿನ ಪಿಂಗಾಣಿ, ಎಂದು ಮಾರುತ್ತಿತ್ತು. ಅದರ ಮೊದಲಕ್ಷರವೇ ಅದು. ಅಂಕಿಯನ್ನು ಚೀನೀ ಅಕ್ಷರದಂತೆ ವೇಷ ಹಾಕಿಸಿದ ಗುರುತಿನ ಕಥೆಯಾದರೋ ಸ್ವಲ್ಪ ಉದ್ದವಾದದ್ದು. ಇಪ್ಪತ್ತನೆಯ ಶತಮಾನದ ಬಹುಪಾಲು ಅದನ್ನೂ ಕಾಫ್ಲಿಯದೆಂದೇ ಎಲ್ಲರೂ ನಂಬಿದ್ದರು, ಹಳೆಯ ಕೈಪಿಡಿಗಳೆಲ್ಲ ಹಾಗೆಯೇ ಬರೆದಿವೆ. 1960ರ ದಶಕದ ಕೊನೆಯಲ್ಲಿ ವೂಸ್ಟರ್ ನಗರದ ಮೂಲ ಕಾರ್ಖಾನೆಯ ಜಾಗದಲ್ಲಿ ಹೆನ್ರಿ ಸ್ಯಾಂಡನ್ ಮತ್ತು ಸಂಗಡಿಗರು ಅಗೆದಾಗ, ಆವಿಗೆಯಲ್ಲಿ ಕೆಟ್ಟು ಎಸೆದ ಚೂರುಗಳ ನಡುವೆ ಇದೇ ವೇಷದ ಅಂಕಿಗಳು ದೊರೆತವು. ಕೆಟ್ಟ ಮಾಲನ್ನು ಯಾರೂ ಬೇರೆ ಊರಿನಿಂದ ಹೊತ್ತು ತಂದು ಸುರಿಯುವುದಿಲ್ಲವಾದ್ದರಿಂದ, ಆ ಗುರುತು ವೂಸ್ಟರಿನದೆಂದು ತೀರ್ಮಾನವಾಯಿತು. ಹಳೆಯ ಪುಸ್ತಕವನ್ನು ನೆಚ್ಚಿಕೊಂಡ ವ್ಯಾಪಾರಿಗಳು ಇಂದಿಗೂ ಚೀಟಿಯಲ್ಲಿ ಕಾಫ್ಲಿ ಎಂದೇ ಬರೆಯುತ್ತಾರೆ.

ಆದರೂ ಗುರುತೊಂದನ್ನೇ ನಂಬಬೇಡಿ ಎಂಬುದು ನನ್ನ ಹಳೆಯ ಹಟ. ಗುರುತು ಪಾತ್ರೆಯ ಅತ್ಯಂತ ಸುಲಭವಾಗಿ ನಕಲಾಗುವ ಭಾಗ. ಆದ್ದರಿಂದ ತಾವು ಭೂತಗನ್ನಡಿ ಹಿಡಿದು ಬೆಸ್ತನ ಕೈಯಲ್ಲಿರುವ ಮೀನನ್ನು ನೋಡಿ, ಅದು ಗಿಡ್ಡವಾಗಿ ದಪ್ಪಗಿದೆಯೋ, ಉದ್ದವಾಗಿ ತೆಳ್ಳಗಿದೆಯೋ ತಿಳಿಸಿ. ಎರಡನೆಯದಾಗಿ, ಅಡಿಯ ಬಳೆಯ, ಅಂದರೆ ಪಾತ್ರೆ ನಿಲ್ಲುವ ಉಂಗುರದಂಥ ಅಂಚಿನ, ಆಕಾರ ನೋಡಿ: ಅದರ ಅಡ್ಡಕೊಯ್ತ ಮುಕ್ಕೋನದಂತಿದೆಯೋ, ಚೌಕವಾಗಿದೆಯೋ? ಮೂರನೆಯದಾಗಿ, ಎರಡನ್ನೂ ಬೆಳಕಿಗೆ ಹಿಡಿದು, ಒಳಗಿನಿಂದ ಹಾಯುವ ಬೆಳಕು ಹಸಿರು ಛಾಯೆಯದೋ ಕಿತ್ತಳೆ ಛಾಯೆಯದೋ ಬರೆಯಿರಿ. ಹಳೆಯ ಸಂಗ್ರಾಹಕರು ಈ ಬಣ್ಣಗಳನ್ನು ಹೆಸರಿಸಿದ್ದು ತಂತಿ ಉರಿಯುವ ಹಳದಿ ಬಲ್ಬಿನ ಬೆಳಕಿನಲ್ಲಿ. ಮೊಬೈಲಿನ ಬಿಳಿ ದೀಪ ಇಲ್ಲಿ ದಾರಿ ತಪ್ಪಿಸಬಹುದು.

ಮಿಡ್‌ಲ್ಯಾಂಡ್ಸ್_ಕನ್ನಡತಿ

ಸರ್, ತಾವು ಹೇಳಿದಂತೆ ನೋಡಿದೆ. ತಟ್ಟೆಯ ಮೀನು ಗಿಡ್ಡ, ಹೊಟ್ಟೆ ಉಬ್ಬಿದೆ. ಬಟ್ಟಲಿನ ಮೀನು ಸ್ಪಷ್ಟವಾಗಿ ಉದ್ದ ಮತ್ತು ಸಪೂರ. ತಟ್ಟೆಯ ಅಡಿಬಳೆ ಚೌಕವಾಗಿದೆ. ಬಟ್ಟಲಿನದು ಕೆಳಗೆ ಬರುತ್ತ ಮೊನೆಯಾಗುತ್ತದೆ. ಬೆಳಕಿಗೆ ಹಿಡಿದಾಗ ತಟ್ಟೆ ಒಣಹುಲ್ಲಿನ ಬಣ್ಣಕ್ಕೂ ಕಿತ್ತಳೆಗೂ ನಡುವೆ ಕಾಣುತ್ತದೆ, ಬಟ್ಟಲು ತಿಳಿಹಸಿರು. ಮೇಜಿನ ಮೇಲಿಟ್ಟು ನೋಡಿದಾಗ ನೀಲಿಯಲ್ಲಿ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಹಾಗಾದರೆ ಇವೆರಡೂ ಬೇರೆಬೇರೆ ಕಾರ್ಖಾನೆಗಳವೇ?

ಸೆವರ್ನ್_ತೀರ

ಹೌದು. ಬಟ್ಟಲು ವೂಸ್ಟರ್, ತಟ್ಟೆ ಕಾಫ್ಲಿ. ಮೀನು, ಅಡಿಬಳೆ, ಬೆಳಕು, ಗುರುತು ಎಂಬ ನಾಲ್ಕೂ ಒಂದೇ ಮಾತು ಹೇಳುತ್ತಿರುವಾಗ ಅನುಮಾನಕ್ಕೆ ಎಡೆಯಿಲ್ಲ. ಇಲ್ಲಿಯವರು ಇಂಥ ಜೋಡಿಯನ್ನು 'ಮದುವೆ' ಎನ್ನುತ್ತಾರೆ, ಅದೂ ಸ್ವಲ್ಪ ತಾತ್ಸಾರದಿಂದಲೇ. ನನಗಂತೂ ಆ ತಾತ್ಸಾರ ಸರಿಯೆನಿಸುವುದಿಲ್ಲ. ಚಹಾದ ಸೆಟ್ಟಿನಲ್ಲಿ ಒಂದು ತಟ್ಟೆ ಒಡೆದಾಗ ಅಂಗಡಿಯಲ್ಲಿ ಅದೇ ಚಿತ್ರದ ಯಾವ ತಟ್ಟೆ ಸಿಕ್ಕಿತೋ ಅದನ್ನು ತಂದು ಸೇರಿಸಿಕೊಂಡವರು ಆ ಕಾಲದ ಗೃಹಿಣಿಯರೇ ಆಗಿರಬಹುದು. ಅಲ್ಲದೆ ಆಗಿನ ಸೆಟ್ಟುಗಳಲ್ಲಿ ಹಿಡಿಯಿಲ್ಲದ ಚಹಾ ಬಟ್ಟಲಿಗೂ ಹಿಡಿಯಿರುವ ಕಾಫಿ ಕಪ್ಪಿಗೂ ಸೇರಿ ಒಂದೇ ತಟ್ಟೆ ಇರುತ್ತಿತ್ತು. ಹೀಗಾಗಿ ಬಟ್ಟಲು, ಕಪ್ಪು, ತಟ್ಟೆ ಮೂರೂ ಸೇರಿದ 'ಟ್ರಿಯೊ' ಎಂಬ ಗುಂಪೇ ಸರಿಯಾದ ಘಟಕ. ಎರಡು ಶತಮಾನಗಳಲ್ಲಿ ಅವು ಚದುರಿ ಮತ್ತೆ ಕೂಡಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ.

ಎರಡು ಕಾರ್ಖಾನೆಗಳು ಇಷ್ಟು ಹತ್ತಿರ ಏಕೆ ಬಂದವು ಎಂಬುದಕ್ಕೂ ಕಾರಣವಿದೆ. ವೂಸ್ಟರ್ ಕಾರ್ಖಾನೆ 1751ರಲ್ಲಿ ವೈದ್ಯ ಜಾನ್ ವಾಲ್, ಔಷಧ ವ್ಯಾಪಾರಿ ವಿಲಿಯಂ ಡೇವಿಸ್ ಮುಂತಾದವರ ಪಾಲುದಾರಿಕೆಯಲ್ಲಿ ಸೆವರ್ನ್ ನದಿಯ ದಂಡೆಯ ಮೇಲೆ ಆರಂಭವಾಯಿತು. ಕಾಫ್ಲಿಯನ್ನು 1770ರ ದಶಕದಲ್ಲಿ ಕಟ್ಟಿದ ಥಾಮಸ್ ಟರ್ನರ್ ವೂಸ್ಟರಿನಿಂದಲೇ ಬಂದವನು. ಅದೂ ಅದೇ ನದಿಯ ಮೇಲ್ಭಾಗದಲ್ಲಿ, ಕಲ್ಲಿದ್ದಲು ಸಿಗುವ ನೆಲದಲ್ಲಿ ಇತ್ತು. ಒಂದು ಕಡೆ ಕಲಿತ ಕಸುಬನ್ನು ಇನ್ನೊಂದು ಕಡೆ ಒಯ್ದು, ಅದೇ ಗಿರಾಕಿಗಳಿಗೆ ಅದೇ ಚಿತ್ರವನ್ನು ಮಾರಿದರು. ವ್ಯಾಪಾರದ ಪೈಪೋಟಿ ಸಾಕಷ್ಟು ಕಹಿಯಾಗಿಯೇ ಇತ್ತು: ವೂಸ್ಟರಿನಲ್ಲಿ ಚಿತ್ರ ಬರೆಸುತ್ತಿದ್ದ ಚೇಂಬರ್ಲಿನ್ ಕುಟುಂಬ ಮೂಲ ಕಾರ್ಖಾನೆಯಿಂದ ಬೇರೆಯಾದ ಮೇಲೆ, ಕಾಫ್ಲಿಯ ಪಾತ್ರೆಗಳನ್ನೇ ತರಿಸಿಕೊಂಡು ಅವುಗಳಿಗೆ ಚಿನ್ನದ ರೇಖೆ ಹಾಕಿ ಮಾರುತ್ತಿತ್ತು. 1799ರಲ್ಲಿ ಟರ್ನರ್ ತನ್ನ ಕಾರ್ಖಾನೆಯನ್ನು ಕೋಲ್‌ಪೋರ್ಟಿನ ಜಾನ್ ರೋಸ್‌ಗೆ ಬಿಟ್ಟುಕೊಟ್ಟ.

ಮಲ್ಲೇಶ್ವರದ_ಓದುಗ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ, ಆದರೆ ನಮ್ಮ ಮನೆಯಲ್ಲಿ ಈ ಪ್ರಶ್ನೆ ಏಳದೆ ಇರುವುದಿಲ್ಲ. ಇಂಗ್ಲಿಷ್ ಪಿಂಗಾಣಿ ಎಂದರೆ ಬೋನ್ ಚೈನಾ, ಅದರಲ್ಲಿ ಎತ್ತಿನ ಮೂಳೆಯ ಬೂದಿ ಇರುತ್ತದೆ ಎಂದು ನಮ್ಮ ತಾಯಿಯವರು ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಈ ಹಳೆಯ ಬಟ್ಟಲುಗಳಲ್ಲಿಯೂ ಮೂಳೆ ಇದೆಯೇ?

ಆವಿಗೆ_ಬೂದಿ

ಸ್ವಾಮಿ, ಮಣ್ಣಿನ ಕಸುಬಿನವನಾಗಿ ಇದಕ್ಕೆ ನಾನು ಉತ್ತರಿಸುತ್ತೇನೆ. ಈ ಜೋಡಿಯಲ್ಲಿ ಮೂಳೆಯಿಲ್ಲ. ವೂಸ್ಟರ್ ಮತ್ತು ಕಾಫ್ಲಿ ಎರಡೂ ಆ ಕಾಲದಲ್ಲಿ ಬಳಸುತ್ತಿದ್ದುದು ಬಳಪದ ಕಲ್ಲು. ಆದರೆ ಎಲ್ಲ ಹಳೆಯ ಇಂಗ್ಲಿಷ್ ಪಿಂಗಾಣಿಗೂ ಈ ಮಾತನ್ನು ಅನ್ವಯಿಸಬೇಡಿ. ಒಂದೊಂದು ಕಾರ್ಖಾನೆಯ ಒಡಲು, ಅಂದರೆ ಪಾತ್ರೆಯ ಮಣ್ಣಿನ ಮಿಶ್ರಣ, ಒಂದೊಂದು ಬಗೆಯದು.

ಹಿನ್ನೆಲೆ ಹೀಗಿದೆ. ಚೀನಾದ ಜಿಂಗ್‌ಡೆಜೆನ್‌ನಲ್ಲಿ ಕಯೋಲಿನ್ ಎಂಬ ಬಿಳಿ ಜೇಡಿಯನ್ನೂ, ಪೆಟುನ್ಸೆ ಎಂಬ ಕರಗುವ ಕಲ್ಲಿನ ಪುಡಿಯನ್ನೂ ಬೆರೆಸಿ, 1300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉರಿಯಲ್ಲಿ ಒಡಲನ್ನೂ, ಮೆರುಗನ್ನೂ (ಮೇಲಿನ ಗಾಜಿನಂಥ ಲೇಪ) ಒಟ್ಟಿಗೇ ಸುಡುತ್ತಿದ್ದರು. ಇದನ್ನು ಗಟ್ಟಿ ಪಿಂಗಾಣಿ ಎನ್ನೋಣ. ಅಲ್ಲಿದ್ದ ಫ್ರೆಂಚ್ ಪಾದ್ರಿ ದಾಂತ್ರಕೋಲ್ 1712 ಮತ್ತು 1722ರ ಪತ್ರಗಳಲ್ಲಿ ಈ ವಿಧಾನವನ್ನು ಯುರೋಪಿಗೆ ವಿವರಿಸಿದ್ದರು, ಜರ್ಮನಿಯ ಮೈಸೆನ್ ಅದಕ್ಕಿಂತ ಮೊದಲೇ ತಾನಾಗಿ ಗಟ್ಟಿ ಪಿಂಗಾಣಿಯನ್ನು ಸಾಧಿಸಿತ್ತು. ಇಂಗ್ಲೆಂಡಿನಲ್ಲಿ ಮಾತ್ರ 1740ರ ದಶಕದವರೆಗೆ ಪಿಂಗಾಣಿಯ ಉದ್ಯಮವೇ ನೆಲೆಗೊಳ್ಳಲಿಲ್ಲ. ನೆಲೆಗೊಂಡಾಗಲೂ ಸರಿಯಾದ ಜೇಡಿ ಕೈಗೆ ಸಿಗದೆ ಪ್ರತಿಯೊಬ್ಬರೂ ತಮ್ಮದೇ ಪಾಕ ಹುಡುಕಿದರು. ಚೆಲ್ಸೀ ಕಾರ್ಖಾನೆಯ ಮೊದಲ ಪಾತ್ರೆಗಳು ಗಾಜಿನ ಪುಡಿ ಬೆರೆತ, ಕುದಿನೀರಿಗೆ ಬೆದರುವ ಒಡಲಿನವು. ಲಂಡನ್ನಿನ ಪೂರ್ವಕ್ಕಿದ್ದ ಬೋ ಕಾರ್ಖಾನೆಯವರು ಮೂಳೆಯ ಬೂದಿಯನ್ನು ತಂದರು. ಅಲ್ಲಿನ ಥಾಮಸ್ ಫ್ರೈ 1749ರಲ್ಲಿ ಪಡೆದ ಪೇಟೆಂಟು ಆ ಪಾಕಕ್ಕೆ ಸಂಬಂಧಿಸಿದ್ದು. 1757ರಲ್ಲಿ ಆರಂಭವಾದ ಲೋಸ್ಟಾಫ್ಟ್ ಕೂಡ ಮೂಳೆಬೂದಿಯ ದಾರಿ ಹಿಡಿಯಿತು. ಪ್ಲಿಮತ್‌ನ ವಿಲಿಯಂ ಕುಕ್‌ವರ್ದಿ ಕಾರ್ನ್‌ವಾಲಿನ ಜೇಡಿಯಿಂದ ನಿಜವಾದ ಗಟ್ಟಿ ಪಿಂಗಾಣಿ ಮಾಡಿ 1768ರಲ್ಲಿ ಪೇಟೆಂಟು ಪಡೆದ. ತಮ್ಮ ತಾಯಿಯವರು ದೂರವಿಟ್ಟ ಇಂದಿನ ಬೋನ್ ಚೈನಾ ರೂಪುಗೊಂಡದ್ದು 1800ರ ಆಸುಪಾಸಿನಲ್ಲಿ, ಸ್ಟೋಕ್ ಊರಿನ ಎರಡನೆಯ ಜೋಸಯ ಸ್ಪೋಡ್‌ನ ಕೈಯಲ್ಲಿ: ಸುಮಾರು ಅರ್ಧ ಭಾಗ ಮೂಳೆಬೂದಿ, ಕಾಲು ಭಾಗ ಚೀನಾ ಜೇಡಿ, ಕಾಲು ಭಾಗ ಕಾರ್ನ್‌ವಾಲಿನ ಕಲ್ಲು. ಆ ಮೇಲೆ ಇಂಗ್ಲೆಂಡಿನ ಹೆಚ್ಚಿನ ಕಾರ್ಖಾನೆಗಳು ಅದನ್ನೇ ಅನುಸರಿಸಿದವು.

ಬಳಪದ ಕಲ್ಲಿನ ಪಾಕ ಮೊದಲು ಬಂದದ್ದು ಬ್ರಿಸ್ಟಲ್‌ನ ಬೆಂಜಮಿನ್ ಲಂಡ್ ಅವರ ಕಾರ್ಖಾನೆಯಿಂದ. ಕಾರ್ನ್‌ವಾಲಿನ ಲಿಜರ್ಡ್ ತುದಿಯಲ್ಲಿ ಆ ಕಲ್ಲನ್ನು ಅಗೆಯುವ ಪರವಾನಗಿ ಅವರಲ್ಲಿತ್ತು. 1752ರಲ್ಲಿ ವೂಸ್ಟರಿನವರು ಕಾರ್ಖಾನೆಯನ್ನೇ ತಮ್ಮೊಳಗೆ ಸೇರಿಸಿಕೊಂಡು ಪಾಕವನ್ನೂ ಕಲ್ಲನ್ನೂ ವಶಮಾಡಿಕೊಂಡರು. ಇದರ ಲಾಭ ಸಣ್ಣದಲ್ಲ. ನಮ್ಮ ಅಜ್ಜಿಯರ ಕಾಲದ ಬಳಪದ ಕಲ್ಲಿನ ಮರಿಗೆ ಬಿಸಿ ಹುಳಿಯನ್ನು ತಡೆದುಕೊಳ್ಳುತ್ತಿದ್ದ ಹಾಗೆಯೇ ಈ ಪಿಂಗಾಣಿಯೂ ಕುದಿನೀರು ಸುರಿದಾಗ ಸೀಳುತ್ತಿರಲಿಲ್ಲ. ಚಹಾದ ಪಾತ್ರೆ ಮಾರುವವರಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾಗಿರಲಿಲ್ಲ. ವೂಸ್ಟರ್ ಇಷ್ಟು ಕಾಲ ಬದುಕಿದ್ದರ ಹಿಂದೆ ಚಿತ್ರಗಳಿಗಿಂತ ಹೆಚ್ಚಾಗಿ ಈ ಕಲ್ಲಿನ ಪಾತ್ರವಿದೆ ಎಂಬುದು ನನ್ನ ಅಭಿಪ್ರಾಯ.

ಚಿತ್ರಕಲಾ_ವಿದ್ಯಾರ್ಥಿನಿ

ಕಲ್ಲಿನ ವಿಚಾರ ತಿಳಿಯಿತು, ಧನ್ಯವಾದಗಳು. ಆದರೆ ಚಿತ್ರಗಳನ್ನು ಇಷ್ಟು ಬೇಗ ಬದಿಗೆ ಸರಿಸಬಾರದು ಎನ್ನಿಸುತ್ತದೆ. ಚೀನಾವನ್ನು ಕಂಡರಿಯದ ಇಂಗ್ಲಿಷ್ ಕುಶಲಕರ್ಮಿಗಳು ಗೋಪುರ, ಬಾಗಿದ ಸೇತುವೆ, ಛತ್ರಿ ಹಿಡಿದ ಹೆಂಗಸು, ನದಿಯಲ್ಲಿ ತೇಲುವ ದೋಣಿ ಇವನ್ನು ಮತ್ತೆಮತ್ತೆ ಬರೆದು, ಎಲ್ಲಿಯೂ ಇಲ್ಲದ ಒಂದು ಚೀನಾವನ್ನು ಮಾರುಕಟ್ಟೆಗೆ ತಂದರು. ಗುರುತು ಕೂಡ ಚೀನೀ ಲಿಪಿಯ ವೇಷದಲ್ಲಿದೆ ಎಂದರೆ ಗಿರಾಕಿಯನ್ನು ನಂಬಿಸುವ ಉದ್ದೇಶ ಸ್ಪಷ್ಟವಿದೆ. ಬೋ ಕಾರ್ಖಾನೆಯಂತೂ ಚೀನಾದ ಬಂದರಿನ ಹೆಸರು ಹಿಡಿದು ತನ್ನನ್ನೇ 'ನ್ಯೂ ಕ್ಯಾಂಟನ್' ಎಂದು ಕರೆದುಕೊಂಡಿತ್ತು; '1750ರಲ್ಲಿ ನ್ಯೂ ಕ್ಯಾಂಟನ್‌ನಲ್ಲಿ ತಯಾರಾದದ್ದು' ಎಂದು ಬರೆದ ಶಾಯಿ ದೌತಿಗಳು ಉಳಿದಿವೆ. ಇದನ್ನು ಕಲೆ ಎನ್ನಬೇಕೇ, ನಕಲು ಎನ್ನಬೇಕೇ?

ಸೆವರ್ನ್_ತೀರ

ಗಿರಾಕಿ ಮೋಸ ಹೋಗುತ್ತಿದ್ದ ಎಂದು ನನಗೆ ತೋರುವುದಿಲ್ಲ. ಆಗ ಲಂಡನ್ನಿನ ಹರಾಜುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ತಂದ ನಿಜವಾದ ಚೀನೀ ಪಿಂಗಾಣಿ ರಾಶಿ ರಾಶಿಯಾಗಿ ಬಿಕರಿಯಾಗುತ್ತಿತ್ತು, ಜನ ಅದನ್ನು ದಿನವೂ ಕೈಯಲ್ಲಿ ಹಿಡಿದು ಬಲ್ಲವರಾಗಿದ್ದರು. ಆ ವ್ಯಾಪಾರದ ಗಾತ್ರ ತಿಳಿಯಬೇಕಾದರೆ ಒಂದೇ ಉದಾಹರಣೆ ಸಾಕು: 1752ರ ಜನವರಿಯಲ್ಲಿ ಮುಳುಗಿದ ಡಚ್ ಹಡಗು ಖೆಲ್ಡರ್‌ಮಾಲ್ಸನ್‌ನಿಂದ 1985ರಲ್ಲಿ ಮೇಲೆತ್ತಿ, ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜಾದ ಪಿಂಗಾಣಿ ಒಂದು ಲಕ್ಷಕ್ಕೂ ಹೆಚ್ಚು ತುಣುಕುಗಳಷ್ಟಿತ್ತು. ಒಂದು ಹಡಗಿನ ಲೆಕ್ಕ ಇದು. ಹಾಗಿದ್ದಾಗ ಇಂಗ್ಲಿಷ್ ಕಾರ್ಖಾನೆಗಳು ಚೀನೀ ನೀಲಿಯ ಬೇಡಿಕೆಗೆ ತಕ್ಕಂತೆ ಮಾಡದೆ ಬೇರೆ ದಾರಿಯೇ ಇರಲಿಲ್ಲ. 1784ರಲ್ಲಿ ಚಹಾದ ಮೇಲಿನ ಸುಂಕವನ್ನು ಶೇಕಡ 119ರಿಂದ 12.5ಕ್ಕೆ ಇಳಿಸಿದ ಮೇಲೆ ಚಹಾ ಸಾಮಾನ್ಯರ ಮನೆಗೂ ಇಳಿಯಿತು. 1791ರಲ್ಲಿ ಕಂಪನಿ ಚೀನೀ ಪಿಂಗಾಣಿಯನ್ನು ಸಗಟಾಗಿ ತರುವುದನ್ನು ನಿಲ್ಲಿಸಿತು. ತಮ್ಮ ಬಟ್ಟಲು ಈ ನಡುವಿನ ಕಾಲದ ಕೂಸು.

ಇನ್ನೊಂದು ಮಾತು. ಆ 'ನಿಜವಾದ' ಚೀನೀ ಪಿಂಗಾಣಿಯ ಬಹುಭಾಗವೂ ಯುರೋಪಿನವರಿಗೆಂದೇ ಮಾಡಿದ್ದು. ಚೀನಾದ ಕುಶಲಕರ್ಮಿಗಳು ಇಂಗ್ಲಿಷ್ ಮನೆತನಗಳ ಲಾಂಛನಗಳನ್ನೂ, ಯುರೋಪಿನ ಅಚ್ಚು ಚಿತ್ರಗಳನ್ನೂ ನೋಡಿ ಬರೆದುಕೊಡುತ್ತಿದ್ದರು. ಯಾರು ಯಾರನ್ನು ನಕಲು ಮಾಡಿದರು ಎಂಬ ದಾರ ಹಿಡಿದು ಹೊರಟರೆ ಗಂಟು ಬಿಡಿಸುವುದು ಸುಲಭವಲ್ಲ.

ಅಚ್ಚುಮನೆ

ವಿದ್ಯಾರ್ಥಿನಿಯವರ ಪ್ರಶ್ನೆಗೆ ನಾನು ಬೇರೆ ಕಡೆಯಿಂದ ಬರುತ್ತೇನೆ. ನನ್ನದು ತಾಮ್ರದ ತಗಡಿನ ಮೇಲೆ ಕೆತ್ತಿ ಕಾಗದಕ್ಕೆ ಅಚ್ಚು ತೆಗೆಯುವ ಅಭ್ಯಾಸ. ಚೀನೀ ಪಾತ್ರೆಯ ನೀಲಿಯನ್ನು ಕುಂಚದಿಂದ ಬರೆಯಲಾಗಿದೆ: ಹೊರರೇಖೆ ಎಳೆದು ನಡುವೆ ತೆಳು ನೀಲಿಯನ್ನು ಹರಿಯಬಿಡುತ್ತಾರೆ. ಈ ಬೆಸ್ತನ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಹರಿದ ಬಣ್ಣವೇ ಇಲ್ಲ. ನೆರಳೆಲ್ಲ ಒತ್ತೊತ್ತಾದ ಸೂಕ್ಷ್ಮ ಗೆರೆಗಳಿಂದ, ಒಂದರ ಮೇಲೊಂದು ಹಾಯುವ ಅಡ್ಡಗೆರೆಗಳಿಂದ ಮೂಡಿದೆ. ಅದು ಚೀನಾದ ಕೈಯಲ್ಲ, ಯುರೋಪಿನ ಪುಸ್ತಕಚಿತ್ರಗಳನ್ನು ಕೆತ್ತಿದವರ ಕೈ. ವಸ್ತು ಪೂರ್ವದ್ದು, ಗೆರೆ ಪಶ್ಚಿಮದ್ದು ಎಂಬುದೇ ಈ ಪಾತ್ರೆಗಳ ಸ್ವಾರಸ್ಯ. ಆದ್ದರಿಂದ ಮೇಡಂ ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿತು: ಇದು ಕೈಬರಹವಲ್ಲ, ಅಚ್ಚು.

ಮಾಡುವ ಕ್ರಮವನ್ನೂ ಹೇಳುತ್ತೇನೆ, ಏಕೆಂದರೆ ಪಾತ್ರೆಯ ಮೇಲಿನ ದೋಷಗಳೆಲ್ಲ ಅದರಿಂದಲೇ ಅರ್ಥವಾಗುತ್ತವೆ. ಕೆತ್ತಿದ ತಗಡನ್ನು ಬಿಸಿ ಮಾಡಿ, ಎಣ್ಣೆಯಲ್ಲಿ ಅರೆದ ಕೋಬಾಲ್ಟ್ ಬಣ್ಣವನ್ನು ಗೆರೆಗಳೊಳಗೆ ತುಂಬಿ, ಮೇಲಿನದನ್ನು ಕೆರೆದು ಒರೆಸುತ್ತಾರೆ. ಸಾಬೂನಿನ ನೀರಿನಲ್ಲಿ ನೆನೆಸಿದ ತೆಳು ಕಾಗದವನ್ನು ಅದರ ಮೇಲಿಟ್ಟು ಉರುಳೆಯಂತ್ರದಲ್ಲಿ ಒತ್ತಿದಾಗ ಚಿತ್ರ ಕಾಗದಕ್ಕೆ ಬರುತ್ತದೆ. ಆ ಕಾಗದವನ್ನು ಬೇಕಾದಂತೆ ಕತ್ತರಿಸಿ, ಒಮ್ಮೆ ಸುಟ್ಟು ಇನ್ನೂ ಮೆರುಗು ಕಾಣದ ಪಾತ್ರೆಯ ಮೇಲೆ ಹರಡಿ, ಬಿರುಸು ಕುಂಚದಿಂದ ಚೆನ್ನಾಗಿ ತಿಕ್ಕುತ್ತಾರೆ; ನೀರಿನಲ್ಲಿ ಅದ್ದಿದರೆ ಕಾಗದ ಬಿಟ್ಟುಕೊಂಡು ಬಣ್ಣ ಮಾತ್ರ ಉಳಿಯುತ್ತದೆ. ಆಮೇಲೆ ಎಣ್ಣೆಯನ್ನು ಉರಿಸಿ ಹೋಗಲಾಡಿಸಲು ಒಂದು ಸಣ್ಣ ಸುಡುವಿಕೆ, ಮೆರುಗಿನಲ್ಲಿ ಅದ್ದಿ ಕೊನೆಯದೊಂದು ಸುಡುವಿಕೆ. ಕಾಗದವನ್ನು ತಿಕ್ಕಿ ಕೂರಿಸುವ ಕೆಲಸವನ್ನು, ಮುಖ್ಯವಾಗಿ ಸ್ಟಾಫರ್ಡ್‌ಶೈರ್ ಕಡೆಯ ಕಾರ್ಖಾನೆಗಳಲ್ಲಿ, ಹೆಂಗಸರು ಮತ್ತು ಹುಡುಗಿಯರು ಮಾಡುತ್ತಿದ್ದರು. ಪುಸ್ತಕಗಳು ತಗಡು ಕೆತ್ತಿದ ರಾಬರ್ಟ್ ಹ್ಯಾನ್‌ಕಾಕ್‌ನಂಥವರ ಹೆಸರನ್ನು ಬರೆದಿಟ್ಟವೇ ಹೊರತು ಈ ಹೆಣ್ಣುಮಕ್ಕಳದ್ದನ್ನಲ್ಲ.

ಬಟ್ಟಲಿನ ಬಾಯಿಯಂಚಿನ ಜಾಲರಿ ಪಟ್ಟಿಯನ್ನು ಸುತ್ತ ತಿರುಗಿಸಿ ನೋಡಿ. ಎಲ್ಲೋ ಒಂದೆಡೆ ಅದರ ಎರಡು ತುದಿಗಳು ಕೂಡುವಲ್ಲಿ ಚೌಕಗಳು ಹೊಂದದೆ ಒಂದರ ಮೇಲೊಂದು ಏರಿರುತ್ತವೆ ಅಥವಾ ಸಣ್ಣ ಸಂದು ಬಿಟ್ಟಿರುತ್ತದೆ. ಚಪ್ಪಟೆ ಕಾಗದವನ್ನು ಗುಂಡು ಮೈಗೆ ಸುತ್ತಿದ ಕುರುಹು ಅದು.

ಮಿಡ್‌ಲ್ಯಾಂಡ್ಸ್_ಕನ್ನಡತಿ

ಹೌದು, ಬೆಸ್ತನ ಬೆನ್ನಿನ ಹಿಂದೆಯೇ ಜಾಲರಿ ಒಂದು ಚೌಕದಷ್ಟು ತಪ್ಪಿದೆ. ಅದನ್ನು ಮಾರಿದವರು ದುರಸ್ತಿಯ ಗುರುತು ಎಂದಿದ್ದರು!

ಮಲ್ಲೇಶ್ವರದ_ಓದುಗ

ಇದೇ ಸಂದರ್ಭದಲ್ಲಿ ನನ್ನದೂ ಒಂದು ಪ್ರಶ್ನೆ. ದಂಡು ಪ್ರದೇಶದ ಹಳೆಯ ಬಂಗಲೆಯೊಂದರ ಸಾಮಾನು ಹರಾಜಾದಾಗ ನಮ್ಮ ತಂದೆಯವರು ತಂದ ನೀಲಿ ತಟ್ಟೆಯೊಂದು ಗೋಡೆಯ ಮೇಲಿದೆ. ಬಾಗಿದ ಮರ, ಸೇತುವೆಯ ಮೇಲೆ ಮೂವರು, ಆಕಾಶದಲ್ಲಿ ಎರಡು ಹಕ್ಕಿ. ಇದು ಓಡಿಹೋದ ಪ್ರೇಮಿಗಳ ಪುರಾತನ ಚೀನೀ ಕಥೆ ಎಂದು ಕೇಳಿದ್ದೇನೆ. ಹಿಂಬದಿಯಲ್ಲಿ ಕಿರೀಟವೊಂದರ ಕೆಳಗೆ ಇಂಗ್ಲಿಷಿನಲ್ಲಿ 'ಇಂಗ್ಲೆಂಡ್' ಎಂದು ಅಚ್ಚಾಗಿದೆ. ಇದೂ ಹದಿನೆಂಟನೆಯ ಶತಮಾನದ್ದಿರಬಹುದೇ?

ಅಚ್ಚುಮನೆ

ಅದು ವಿಲೋ ವಿನ್ಯಾಸ, ಆದರೆ ಹದಿನೆಂಟನೆಯ ಶತಮಾನದ್ದಲ್ಲ. 'ಇಂಗ್ಲೆಂಡ್' ಎಂಬ ಪದ ಸಾಮಾನ್ಯವಾಗಿ 1891ರ ನಂತರದ ಸರಕಿನ ಮೇಲೆ ಬರುತ್ತದೆ, ಏಕೆಂದರೆ ಆಮದಾದ ವಸ್ತುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕದ ಸುಂಕ ಕಾಯ್ದೆ ಆಗ ಕಡ್ಡಾಯ ಮಾಡಿತು. 'ಇಂಗ್ಲೆಂಡಿನಲ್ಲಿ ತಯಾರಾದದ್ದು' ಎಂದು ಪೂರ್ತಿ ಬರೆದಿದ್ದರೆ ಹೆಚ್ಚಾಗಿ ಇಪ್ಪತ್ತನೆಯ ಶತಮಾನದ್ದು. ವಜ್ರಾಕಾರದ ನೋಂದಣಿ ಮುದ್ರೆಯಿದ್ದರೆ 1842ರಿಂದ 1883ರ ನಡುವಿನ ವಿನ್ಯಾಸ. 1884ರಿಂದ ಆ ಜಾಗದಲ್ಲಿ ನೋಂದಣಿ ಸಂಖ್ಯೆ ಬಂದಿತು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ: ಹಿಂದಿಟ್ಟ ಬೆರಳಿನ ನೆರಳು ಕಾಣದಿದ್ದರೆ ಅದು ಪಿಂಗಾಣಿಯೇ ಅಲ್ಲ, ಬಿಳಿ ಮಣ್ಣಿನ ಸಾಮಾನು. ವಿಲೋ ತಟ್ಟೆಗಳಲ್ಲಿ ಹೆಚ್ಚಿನವು ಹಾಗೆಯೇ ಇರುತ್ತವೆ.

ಕಥೆಯ ವಿಚಾರಕ್ಕೆ ಬಂದರೆ, ಅದು ಚೀನಾದ್ದಲ್ಲ, ಪುರಾತನವೂ ಅಲ್ಲ. ವಿನ್ಯಾಸ 1790ರ ಸುಮಾರಿಗೆ ಸ್ಪೋಡ್ ಕಾರ್ಖಾನೆಯಲ್ಲಿ, 'ಮ್ಯಾಂಡರಿನ್' ಎನ್ನಲಾಗುವ ಚೀನೀ ಚಿತ್ರವೊಂದನ್ನು ಆಧರಿಸಿ, ಸೇತುವೆ ಮತ್ತು ಮೂವರನ್ನು ಸೇರಿಸಿ ರೂಪುಗೊಂಡಿತು. ಅಧಿಕಾರಿಯ ಮಗಳು, ಅವಳನ್ನು ಪ್ರೀತಿಸಿದ ಕಾರಕೂನ, ಬೆನ್ನಟ್ಟುವ ತಂದೆ, ಕೊನೆಗೆ ಪ್ರೇಮಿಗಳು ಹಕ್ಕಿಗಳಾಗುವುದು ಇವೆಲ್ಲ ವಿಸ್ತಾರವಾಗಿ ಅಚ್ಚಾದದ್ದು 1849ರ ಇಂಗ್ಲಿಷ್ ಕುಟುಂಬ ಪತ್ರಿಕೆಯೊಂದರಲ್ಲಿ. ತಟ್ಟೆ ಮೊದಲು ಬಂದಿತು, ಕಥೆ ಅರ್ಧ ಶತಮಾನ ತಡವಾಗಿ ಹಿಂಬಾಲಿಸಿತು.

ಚಿತ್ರಕಲಾ_ವಿದ್ಯಾರ್ಥಿನಿ

ಇದನ್ನು ಕೇಳಿದ ಮೇಲೆ ನನ್ನ ಆಕ್ಷೇಪ ಇನ್ನಷ್ಟು ಗಟ್ಟಿಯಾಗುತ್ತದೆ. ಚಿತ್ರ ತಮ್ಮದು, ಕಥೆಯೂ ತಮ್ಮದು, ಹೆಸರು ಮಾತ್ರ ಚೀನಾದ್ದು. ಕೆತ್ತನೆಯ ಕುಶಲತೆಯನ್ನು ನಾನು ಒಪ್ಪುತ್ತೇನೆ. ಆದರೆ ನೋಡುವವರ ಮನಸ್ಸಿನಲ್ಲಿ ಒಂದು ದೇಶವನ್ನು ಆಟಿಕೆಯಂತೆ ನಿಲ್ಲಿಸಿದ್ದನ್ನು ಕುಶಲತೆ ಅಳಿಸುವುದಿಲ್ಲ.

ಅಚ್ಚುಮನೆ

ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಲೋಗೆ ಹೇಳಿದ್ದನ್ನು ಬೆಸ್ತನ ಬಟ್ಟಲಿಗೂ ಹೇಳಬೇಡಿ. ಅಲ್ಲಿ ಯಾರೂ ಸುಳ್ಳು ದಂತಕಥೆಯನ್ನು ಕಟ್ಟಿಲ್ಲ.

ಮಿಡ್‌ಲ್ಯಾಂಡ್ಸ್_ಕನ್ನಡತಿ

ನನ್ನ ಕೊನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಚಹಾ ಕುಡಿಯಬಹುದೇ? ತಟ್ಟೆಯಲ್ಲಿ ಕೂದಲೆಳೆಯಂಥ ಒಂದು ಕಂದು ಗೆರೆಯಿದೆ, ಅದನ್ನು ತೊಳೆದು ತೆಗೆಯಬಹುದೇ? ಮತ್ತು ನಕಲಿ ಮಾಲಿನ ಬಗ್ಗೆ ಎಚ್ಚರಿಕೆಯೇನಾದರೂ ಇದ್ದರೆ ತಿಳಿಸಿ.

ಆವಿಗೆ_ಬೂದಿ

ಕುಡಿಯದಿರುವುದೇ ಲೇಸು. ಆ ಕಾಲದ ಇಂಗ್ಲಿಷ್ ಮೆರುಗು ಸೀಸದಿಂದ ಮಾಡಿದ್ದು. ಮೆರುಗು ಸವೆದಿದ್ದಲ್ಲಿ ಅಥವಾ ಹುಳಿ ತಗುಲಿದಲ್ಲಿ ಸೀಸ ಬಿಡುವ ಅಪಾಯವಿದೆ. ನಿಂಬೆಹಣ್ಣಿನ ಚಹಾವನ್ನಂತೂ ಹಾಕಲೇಬಾರದು. ಪಾತ್ರೆ ತೊಳೆಯುವ ಯಂತ್ರ, ಮೈಕ್ರೋವೇವ್ ಎರಡೂ ನಿಷಿದ್ಧ.

ಕಂದು ಗೆರೆ ಬಿರುಕಿನೊಳಗೆ ಇಳಿದ ಹಳೆಯ ಕೊಳೆ. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚನ್ನು ಇದಕ್ಕೆ ಸುರಿಯುವವರಿದ್ದಾರೆ, ಅದು ಒಡಲೊಳಗೆ ಉಪ್ಪಾಗಿ ಉಳಿದು ಮುಂದೆ ಮೆರುಗನ್ನೇ ಎಬ್ಬಿಸುತ್ತದೆ. ಉಗುರುಬೆಚ್ಚನೆಯ ನೀರು, ಮೃದು ಸಾಬೂನು ಸಾಕು. ಉಳಿದದ್ದನ್ನು ಸಂರಕ್ಷಣೆ ಬಲ್ಲವರಿಗೆ ಬಿಡಿ. ಹೊಸದಾಗಿ ಕೊಳ್ಳುವಾಗ ಪಾತ್ರೆಯನ್ನು ಅಂಗೈಯ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ: ಬಿರುಕಿದ್ದರೆ ನಾದ ಸತ್ತುಹೋಗುತ್ತದೆ. ಬಣ್ಣ ಬಳಿದು ಮುಚ್ಚಿದ ದುರಸ್ತಿ ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಸುತ್ತಲಿನ ಮೆರುಗಿಗಿಂತ ಬೇರೆಯಾಗಿ ಹೊಳೆಯುತ್ತದೆ.

ಸೆವರ್ನ್_ತೀರ

ನಕಲಿಗಳ ಬಗ್ಗೆ ಎರಡು ಮಾತು. ಪ್ಯಾರಿಸ್ಸಿನ ಸ್ಯಾಮ್ಸನ್ ಸಂಸ್ಥೆ ಹತ್ತೊಂಬತ್ತನೆಯ ಶತಮಾನದಲ್ಲಿ ವೂಸ್ಟರ್, ಚೆಲ್ಸೀ ಮುಂತಾದವುಗಳ ಪ್ರತಿಗಳನ್ನು ಮಾಡಿತು, ಆದರೆ ಗಟ್ಟಿ ಪಿಂಗಾಣಿಯಲ್ಲಿ. ಅದರ ತಣ್ಣನೆಯ ಬೂದುಬಿಳುಪು ಮೂಲದ ಮೃದು ಒಡಲಿನೊಂದಿಗೆ ಇಟ್ಟು ನೋಡಿದರೆ ಕೂಡಲೇ ತಿಳಿಯುತ್ತದೆ. ಸ್ಟಾಫರ್ಡ್‌ಶೈರಿನ ಬೂತ್ಸ್ ಸಂಸ್ಥೆ ವೂಸ್ಟರಿನ ವಿನ್ಯಾಸಗಳನ್ನು ಅಪಾರದರ್ಶಕ ಮಣ್ಣಿನ ಸಾಮಾನಿನಲ್ಲಿ ತಂದಿತು. ಬೆಳಕಿಗೆ ಹಿಡಿದರೆ ಅದರ ಗುಟ್ಟು ರಟ್ಟಾಗುತ್ತದೆ. ತಮ್ಮ ಬೆಸ್ತನಂಥ ಸಾಮಾನ್ಯ ಅಚ್ಚಿನ ಬಟ್ಟಲುಗಳು ಇಂದಿಗೂ ದುಬಾರಿಯಲ್ಲವಾದ್ದರಿಂದ ಅವುಗಳನ್ನು ಹೊಸದಾಗಿ ನಕಲು ಮಾಡಿ ಯಾರೂ ದೊಡ್ಡ ಲಾಭ ಪಡೆಯುವಂತಿಲ್ಲ.

ಕಣ್ಣು ಪಳಗಬೇಕಾದರೆ ನೋಡುವುದೊಂದೇ ದಾರಿ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದ ಮೇಲಂತಸ್ತಿನ ಪಿಂಗಾಣಿ ವಿಭಾಗ, ವೂಸ್ಟರ್ ನಗರದ ರಾಯಲ್ ವೂಸ್ಟರ್ ಸಂಗ್ರಹಾಲಯ, ಐರನ್‌ಬ್ರಿಜ್ ಬಳಿಯ ಕೋಲ್‌ಪೋರ್ಟ್ ಸಂಗ್ರಹಾಲಯ ಈ ಮೂರನ್ನೂ ತಾವು ಇರುವಲ್ಲಿಂದ ನೋಡಿ ಬರಬಹುದು. ಕರ್ನಾಟಕದ ಓದುಗರು ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಯುರೋಪಿಯನ್ ವಿಭಾಗದಲ್ಲಿ ಇಂಗ್ಲಿಷ್ ಪಿಂಗಾಣಿಯನ್ನು ಕಾಣಬಹುದು.

ಮಿಡ್‌ಲ್ಯಾಂಡ್ಸ್_ಕನ್ನಡತಿ

ಎಲ್ಲರಿಗೂ ಕೃತಜ್ಞತೆಗಳು. ಎರಡಕ್ಕೂ ಬೇರೆಬೇರೆ ಚೀಟಿ ಬರೆದಿಡುತ್ತೇನೆ. ವೂಸ್ಟರ್ ಬಟ್ಟಲಿಗೆ ಅದರದೇ ಆದ ತಟ್ಟೆಯನ್ನು ಹುಡುಕುವುದಾದರೆ ಏನೇನು ನೋಡಬೇಕು?

ಸೆವರ್ನ್_ತೀರ

ಉದ್ದ ಮೀನು, ಮೊನೆಯಾದ ಅಡಿಬಳೆ, ಹಸಿರು ಬೆಳಕು, ವೇಷದ ಅಂಕಿ. ಅಂಕಿಯೂ 5 ಆಗಿರಬೇಕೆಂದು ಕಾಯಬೇಡಿ, 1ರಿಂದ 9ರವರೆಗೆ ಯಾವುದಿದ್ದರೂ ನಡೆಯುತ್ತದೆ. ಬಟ್ಟಲನ್ನು ಜೊತೆಗೆ ಒಯ್ದು ನೀಲಿಯ ಗಾಢತೆಯನ್ನು ಹಗಲಿನ ಬೆಳಕಿನಲ್ಲಿ ಹೋಲಿಸಿ ಕೊಳ್ಳಿ. ಕಾಫ್ಲಿಯ ತಟ್ಟೆಯನ್ನು ಮಾತ್ರ ಮಾರಿಬಿಡಬೇಡಿ. ಅದಕ್ಕೂ ಒಂದು ಬಟ್ಟಲು ಸಿಗುತ್ತದೆ.